ನಲವತ್ತು ಮೂಗುಗಳು

ಜನವರಿ ೯

ಪುಟ್ಟಿ,

ನಾವು ಚೆನ್ನಾಗಿದ್ದೀವಿ, ಕೋಳಿಗಳು ಚೆನ್ನಾಗಿಲ್ಲ.

ಫೋನ್ ಮಾಡಬಾರದಾ ಅಂತ ಕೇಳ್ತೀಯ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡ್ತೀವಿ, ಕೊನೆಗೆ ಇಬ್ಬರಿಗೂ ಏನೂ ಕೇಳಿಸಿರೋಲ್ಲ. ಹೇಗೂ ಸ್ಯಾಂಪಲ್ ಪೆಟ್ಟಿಗೆಯ ಜೊತೆ ವಿವರ ಬರೆದು ಇಡಬೇಕು ಅಂತ ನಿಮ್ಮ ಲ್ಯಾಬಿನಲ್ಲಿ ನಿಯಮ ಇದೆಯಲ್ಲ, ಇದೇ ವಿವರ ಅಂದುಕೋ.

ಮತ್ತೆ ಅದೇ ನೆಗಡಿ ಬಂದಿದೆ. ಕಣ್ಣಿನ ಕೆಳಗೆ ಊದ್ಕೊಂಡು, ಮೂಗು ಸೋರಿ, ಬಾಗಿಲು ತೆಗೆದರೆ ಶೆಡ್ಡೆಲ್ಲ ಗಬ್ಬು ವಾಸನೆ. ಸಾಯೋದು ಕಡಿಮೆ, ಆದರೆ ಮೊಟ್ಟೆ ಅರ್ಧಕ್ಕೆ ಇಳಿದುಹೋಯ್ತು. ಲಸಿಕೆ ಹಾಕಿಸಿದ್ದೆ ಕಣೇ! ಮೂರು ವರ್ಷದಿಂದ ತಪ್ಪದೆ ಹಾಕಿಸ್ತಿದ್ದೀನಿ. ಡಾಕ್ಟ್ರು ಬಂದು, "ಕೊರೈಜಾನೇ ಅಮ್ಮಾ, ಲಸಿಕೆ ಯಾಕೆ ಕೆಲಸ ಮಾಡ್ತಿಲ್ವೋ ಗೊತ್ತಾಗ್ತಿಲ್ಲ" ಅಂತ ತಲೆ ಕೆರ್ಕೊಂಡು ಹೋದ್ರು. ನಿನ್ನ ಭಾವ ಈ ಸಲ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ. ಇನ್ನು ಒಂದೇ ಒಂದು ಬ್ಯಾಚ್. ಅದಕ್ಕೂ ಬಂದರೆ ಮೂರೂ ಶೆಡ್ಡಿಗೆ ಬೀಗ, ಅವರು ಫೀಡ್ ಮಿಲ್ಲಿಗೆ ಕೆಲಸಕ್ಕೆ. ಹದಿನಾಲ್ಕು ವರ್ಷ ಸಾಕಿದ್ದೀನಿ ಪುಟ್ಟಿ. ಕೋಳಿಗಳೇ ಇಲ್ಲದ ಬೆಳಗ್ಗೆ ಎದ್ದು ನಾನೇನು ಮಾಡಲಿ ಹೇಳು.

ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಬೇಲಿಯಾಚೆಯವಳ ಶೆಡ್ಡಿನಿಂದ. ಗಾಳಿ ಆ ಕಡೆಯಿಂದಲೇ ಬೀಸೋದು. ಇದನ್ನ ನಾನು ಬೇಲಿ ಹತ್ತಿರ ನಿಂತು ಅವಳ ಮುಖಕ್ಕೇ ಹೇಳಿದೆ, ಎಂಟು ತಿಂಗಳಾಯ್ತು, ಮಾತಿಲ್ಲ. ನೀನು ಸಂಶೋಧನೆ ಮಾಡೋದು ಈ ಕ್ರಿಮಿಯ ಮೇಲೇ ತಾನೆ? ಪರೀಕ್ಷೆ ಮಾಡಿ, ಇದು ಅವಳ ಕೋಳಿಯದೇ ಅಂತ ಒಂದು ಕಾಗದದಲ್ಲಿ ಬರೆದು ಸೀಲ್ ಹಾಕಿ ಕಳಿಸು. ಕೋಳಿಗಳ ಮೂಗಿಗೆ ಹತ್ತಿಕಡ್ಡಿ ಹಾಕಿ ತೆಗೆದ ಹತ್ತು ಟ್ಯೂಬ್ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ.

ಸರಿಯಾಗಿ ಊಟ ಮಾಡು. ಫೋಟೋದಲ್ಲಿ ಕತ್ತು ಕಡ್ಡಿಯಾಗಿದೆ.

ಅಕ್ಕ


ಜನವರಿ ೨೨

ಅಕ್ಕಾ,

ಹತ್ತು ಟ್ಯೂಬಿನಲ್ಲೂ ಏನೂ ಬೆಳೀಲಿಲ್ಲ. ಏನೂ ಅಂದರೆ ಏನೂ ಇಲ್ಲ, ಸಾಮಾನ್ಯವಾಗಿ ಬೆಳೆಯೋ ಕಸಕಡ್ಡಿ ಕ್ರಿಮಿಗಳೂ ಇಲ್ಲ. ಕ್ರಿಮಿ ಬೆಳೆಸೋ ಹತ್ತು ಪ್ಲೇಟೂ ತೊಳೆದಿಟ್ಟ ಕನ್ನಡಿ ಥರ ಇದ್ದವು. ನನ್ನ ಗೈಡ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಇವು ಕೋಳಿ ಮೂಗೋ, ಆಪರೇಷನ್ ಥಿಯೇಟರೋ?" ಅಂದರು.

ನಿಜ ಹೇಳು, ಸ್ಯಾಂಪಲ್ ತೆಗೆಯೋ ಮುಂಚೆ ಏನಾದರೂ ಮಾಡಿದೆಯಾ?

ಈ ಕ್ರಿಮಿ ಬಹಳ ನಾಜೂಕು ಅಕ್ಕ. ಕೋಳಿಯಿಂದ ಆಚೆ ಬಂದರೆ ಒಂದೆರಡು ದಿನ ಬದುಕಿದರೆ ಹೆಚ್ಚು. ಪ್ಲೇಟಿನ ಮೇಲೂ ಒಂಟಿಯಾಗಿ ಬೆಳೆಯೋಲ್ಲ. ಬೇರೆ ಒಂದು ಕ್ರಿಮಿಯನ್ನ ಗೆರೆ ಎಳೆದು ಕೂರಿಸಬೇಕು, ಅದರ ಪಕ್ಕದಲ್ಲಿ ಮಾತ್ರ ಚಿಕ್ಕ ಚಿಕ್ಕ ಚುಕ್ಕಿಯಾಗಿ ಬರುತ್ತೆ. ಆ ಗೆರೆಗೆ ನಾವು ದಾದಿ ಅಂತೀವಿ. ಇಷ್ಟು ಉಪಚಾರ ಬೇಕಾದ ಕ್ರಿಮಿಗೆ ನೀನು ಇನ್ನೇನು ಹಾಕಿದೆಯೋ.

ಮತ್ತೆ ಕಳಿಸು. ಪ್ರತಿ ಶೆಡ್ಡಿನಿಂದ ಹತ್ತು ಬೇರೆ ಬೇರೆ ಕೋಳಿ. ಬೇಲಿಯಾಚೆಯವರಿಂದಲೂ ಹತ್ತು ಬೇಕು. ಅವರದು ಇಲ್ಲದೆ ಅವರದೇ ಅಂತ ನಾನು ಹೇಗೆ ಹೇಳಲಿ? ಒಂದೇ ರೋಗ ತರೋ ಕ್ರಿಮಿಯಲ್ಲೂ ಒಳಗೊಳಗೇ ಬೇರೆ ಬೇರೆ ಮನೆತನ ಇರುತ್ತವೆ. ಡಿಎನ್ಎ ತೆಗೆದು ಜೆಲ್ಲಿ ಥರದ ಹಾಳೆಯಲ್ಲಿ ಕರೆಂಟ್ ಕೊಟ್ಟು ಓಡಿಸಿದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತೆ, ಯಾವುದು ಯಾರ ಪೈಕಿ ಅಂತ ಅದರಲ್ಲೇ ಗೊತ್ತಾಗೋದು. ಅಂಗಡಿಯ ಲಸಿಕೆ ಒಂದು ಮನೆತನದ್ದು, ನಿನ್ನ ಶೆಡ್ಡಿನಲ್ಲಿರೋದು ಇನ್ನೊಂದು ಅಂತಾದರೆ ಆ ಲಸಿಕೆಯಿಂದ ಉಪಯೋಗ ಇಲ್ಲ. ನಮ್ಮ ಪಕ್ಕದ ಕಟ್ಟಡದಲ್ಲಿ ಲಸಿಕೆ ತಯಾರಿಸೋ ಘಟಕ ಇದೆ. ನಿನ್ನ ಫಾರಂನ ಕ್ರಿಮಿಯನ್ನೇ ಕೊಟ್ಟರೆ ನಿನ್ನ ಫಾರಮ್ಮಿಗೇ ಅಂತ ಲಸಿಕೆ ಮಾಡಿಕೊಡ್ತಾರೆ. ಭಾವನಿಗೆ ಹೇಳು, ಬೀಗ ಸದ್ಯಕ್ಕೆ ಅಂಗಡಿಯಲ್ಲೇ ಇರಲಿ.

ಪುಟ್ಟಿ


ಫೆಬ್ರವರಿ ೩

ಪುಟ್ಟಿ,

ಮುಖ ತೊಳೆಸಿದ್ದೆ. ಏನೀಗ?

ಊದಿಕೊಂಡ ಮುಖ, ಸೋರೋ ಮೂಗು, ಅದನ್ನ ಹಾಗೇ ನಿನ್ನ ಗೈಡ್ ಮುಂದೆ, ಓದಿದವರ ಮುಂದೆ ಕಳಿಸೋದಾ? ಅವರೆಲ್ಲ "ಇವಳ ಅಕ್ಕ ಕೋಳಿಗಳನ್ನ ಹೇಗೆ ಇಟ್ಟುಕೊಂಡಿದ್ದಾಳೆ ನೋಡು" ಅನ್ನಬೇಕಾ? ಡೆಟ್ಟಾಲ್ ಹಾಕಿದ ಬಿಸಿನೀರಿನಲ್ಲಿ ಒಂದೊಂದರ ಮೂಗನ್ನೂ ಒರೆಸಿ, ಆರಿದ ಮೇಲೆ ತೆಗೆದೆ. ನಿಮಗೆ ಕೊಳಕೇ ಬೇಕು ಅಂತ ಮೊದಲೇ ಹೇಳಬೇಕಿತ್ತು.

ಈಗ ಕೊಳಕನ್ನೇ ಕಳಿಸಿದ್ದೀನಿ. ನಲವತ್ತು ಟ್ಯೂಬ್. ಒಂದನೇ ಶೆಡ್ಡು, ಎರಡನೇ ಶೆಡ್ಡು, ಮೂರನೇ ಶೆಡ್ಡು, ಅಂತ ಎಲ್ಲದರ ಮೇಲೂ ಬರೆದಿದ್ದೀನಿ. ಬೇಲಿಯಾಚೆಯವಳ ಹತ್ತೂ ಇದೆ. ಹೇಗೆ ಸಿಕ್ಕಿತು ಅಂತ ಕೇಳಬೇಡ, ಸಿಕ್ಕಿತು.

ಅಬ್ಬಬ್ಬಾ, ಕಡ್ಡಿ ಮೂಗಿಗೆ ಹೋದ ತಕ್ಷಣ ಅವು ಕಿರಿಚೋ ಪರಿ! ಇಡೀ ಸಾಲು ಕಿರುಚುತ್ತೆ. ನಿನಗೇನು ಗೊತ್ತು, ನೀನು ಪ್ಲೇಟು ನೋಡೋಳು.

ಬೇಗ ಹೇಳು. ನಿನ್ನ ಭಾವ ಫೀಡ್ ಮಿಲ್ಲಿನವರ ಹತ್ತಿರ ಒಂದು ಸಲ ಮಾತಾಡಿಕೊಂಡೇ ಬಂದಿದ್ದಾರೆ.

ಅಕ್ಕ


ಫೆಬ್ರವರಿ ೨೪

ಅಕ್ಕಾ ಅಕ್ಕಾ ಅಕ್ಕಾ!

ಕೂತ್ಕೊಂಡು ಓದು. ನಲವತ್ತೂ ಬೆಳೆದವು! ನಲವತ್ತರ ಡಿಎನ್ಎಯನ್ನೂ ಓಡಿಸಿದೆ. ನಲವತ್ತೂ ಒಂದೇ! ಒಂದು ಪಟ್ಟೆ ಆಚೆ ಈಚೆ ಇಲ್ಲ. ನಿನ್ನ ಮೂರೂ ಶೆಡ್ಡು, ಬೇಲಿಯಾಚೆಯದು, ಎಲ್ಲದರಲ್ಲೂ ಒಂದೇ ಮನೆತನ. ಎರಡು ಫಾರಂ ಮೇಲೆ ಒಂದೇ ಒಂದು ಕ್ರಿಮಿ ಹೀಗೆ ದರ್ಬಾರು ಮಾಡೋದನ್ನ ನಾನಂತೂ ಓದಿಲ್ಲ. ನನ್ನ ಗೈಡ್ ಚಿತ್ರವನ್ನ ಮೂರು ಸಲ ನೋಡಿ, ಕನ್ನಡಕ ಒರೆಸಿ, ನಾಲ್ಕನೇ ಸಲ ನೋಡಿದರು.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ನಾಲ್ಕು ವರ್ಷದಿಂದ ನನ್ನ ಕೈಗೆ ನೆಟ್ಟಗೆ ಒಂದು ಫಲಿತಾಂಶ ಸಿಕ್ಕಿರಲಿಲ್ಲ. ನೀನು ಪ್ರತಿ ಸಲ "ಓದು ಹೇಗೆ ಸಾಗ್ತಿದೆ" ಅಂದಾಗ "ಚೆನ್ನಾಗಿದೆ" ಅಂತಿದ್ದೆನಲ್ಲ, ಅದು ಬರೀ ಓಳು. ಈಗ ನಿಜವಾಗಲೂ ಚೆನ್ನಾಗಿದೆ. ಮಾರ್ಚ್ ಹದಿನೈದಕ್ಕೆ ದೊಡ್ಡ ಸಭೆಯಲ್ಲಿ ಇದನ್ನ ಮಂಡಿಸೋದು ನಾನೇ. ಹದಿನಾಲ್ಕಕ್ಕೆ ಈ ಕ್ರಿಮಿ ಲಸಿಕೆ ಘಟಕಕ್ಕೆ ಹೋಗುತ್ತೆ. ಒಂದೇ ಮನೆತನ ಆದ್ದರಿಂದ ಕೆಲಸ ಸುಲಭ, ಒಂದನ್ನ ಹಾಕಿದರೆ ಸಾಕು. ನಿನ್ನ ಮುಂದಿನ ಬ್ಯಾಚ್ ಉಳೀತು ಅಂತ ಭಾವನಿಗೆ ಹೇಳು.

ಬೇಲಿ ದಾಟಿದ್ದು ಅಂತೂ ನಿಜ ಅಕ್ಕ. ಆ ಕಡೆಯಿಂದ ಈ ಕಡೆಗೋ, ಈ ಕಡೆಯಿಂದ ಆ ಕಡೆಗೋ, ಅದನ್ನ ಮಾತ್ರ ಪಟ್ಟೆ ಹೇಳೋಲ್ಲ.

ಕುಣಿಯೋ ಹಾಗಾಗಿದೆ. ಕಾರಿಡಾರಿನಲ್ಲಿ ಒಂದು ಸುತ್ತು ಕುಣಿದೂ ಬಂದೆ.

ನಿನ್ನ ಪುಟ್ಟಿ


ಮಾರ್ಚ್ ೨

ಪುಟ್ಟಿ,

ಬಹಳ ಸಂತೋಷ. ನಿನ್ನ ಭಾವನಿಗೂ ಸಂತೋಷ. ಹೊಸ ಸೀರೆ ಉಟ್ಕೊಂಡು ಹೋಗು ಸಭೆಗೆ.

ಸುಮ್ಮನೆ ಒಂದು ಮಾತು, ತಿಳ್ಕೊಳ್ಳೋಣ ಅಂತ. ಯಾರಾದರೂ, ನಾನಲ್ಲ, ಬೇರೆ ಯಾರಾದರೂ, ಒಂದೇ ಕೋಳಿಯಿಂದ ಹಲವಾರು ಟ್ಯೂಬ್ ತೆಗೆದರೆ ಏನಾದರೂ ತೊಂದರೆ ಆಗುತ್ತಾ? ರೋಗ ಎಲ್ಲಕ್ಕೂ ಒಂದೇ ತಾನೆ?

ಇಲ್ಲಿ ಸೆಖೆ ಶುರುವಾಗಿದೆ.

ಅಕ್ಕ


ಮಾರ್ಚ್ ೬

ಅಕ್ಕಾ,

ನಿನ್ನ ಪ್ರಶ್ನೆಯನ್ನ ಗೈಡ್‌ಗೆ ಓದಿ ಹೇಳಿದೆ. "ನಿಮ್ಮ ಅಕ್ಕ ವಿಜ್ಞಾನಿ ಆಗಬೇಕಿತ್ತು, ಎಷ್ಟು ಸೂಕ್ಷ್ಮವಾಗಿ ಯೋಚಿಸ್ತಾರೆ" ಅಂದರು. ನಾನು ಬೀಗಿಹೋದೆ.

ಉತ್ತರ ಇದು. ಹಾಗೆ ಮಾಡಿದರೆ ಒಂದು ಕೋಳಿಯ ಕಥೆ ಮಾತ್ರ ಗೊತ್ತಾಗುತ್ತೆ. ಬೇರೆ ಶೆಡ್ಡಿನಲ್ಲಿ ಬೇರೆ ಮನೆತನ ಇದ್ದರೆ ಅದು ಕಣ್ಣಿಗೇ ಬೀಳೋಲ್ಲ. ಆಮೇಲೆ ಆ ಒಂದರಿಂದ ಮಾಡಿದ ಲಸಿಕೆ ಹಾಕಿ ನೆಮ್ಮದಿಯಾಗಿ ಕೂತಿದ್ದಾಗ ಮಿಕ್ಕಿದ್ದು ಬಂದು ಇಡೀ ಬ್ಯಾಚನ್ನ ಮಲಗಿಸುತ್ತೆ. ಆದರೆ ಅಂಥ ಪೆದ್ದು ಕೆಲಸ ಯಾರು ಮಾಡ್ತಾರೆ ಹೇಳು? ನೀನು ಆ ಕಿರುಚಾಟದಲ್ಲೂ ನಲವತ್ತು ಕೋಳಿ ಹಿಡಿದೆಯಲ್ಲ, ಅದನ್ನ ನೆನೆಸಿಕೊಂಡರೆ ಕಣ್ಣು ತುಂಬಿ ಬರುತ್ತೆ. ಸಭೆಯಲ್ಲಿ ಕೊನೆಗೆ ನಿನ್ನ ಹೆಸರು ಹೇಳಿ ವಂದನೆ ಸಲ್ಲಿಸ್ತೀನಿ.

ಪುಟ್ಟಿ


ಮಾರ್ಚ್ ೮

ಪುಟ್ಟಿ,

ನನ್ನ ಹೆಸರು ಹೇಳಬೇಡ. ಸಭೆಯಲ್ಲಿ ಏನೂ ಹೇಳಬೇಡ. ಲಸಿಕೆಯವರಿಗೆ ಏನೂ ಕೊಡಬೇಡ. ಇದನ್ನ ಅರ್ಜೆಂಟ್ ಕೊರಿಯರಿನಲ್ಲಿ ಹಾಕ್ತಿದ್ದೀನಿ. ಫೋನಿನಲ್ಲಿ ಹೇಳೋಕೆ ಬಾಯಿ ಬರಲಿಲ್ಲ, ಮೂರು ಸಲ ನಂಬರ್ ಒತ್ತಿ ಮೂರು ಸಲ ಕಟ್ ಮಾಡಿದೆ.

ನಲವತ್ತೂ ಒಂದೇ ಕೋಳಿಯದು.

ಒಂದನೇ ಶೆಡ್ಡಿನಲ್ಲಿ ಒಬ್ಬಳಿದ್ದಾಳೆ, ಸೋಮಾರಿ ಅಂತ ಕರೀತೀನಿ. ಮೊದಲು ಬೇರೆ ಎರಡು ಹಿಡಿದೆ ಪುಟ್ಟಿ, ನಿನ್ನಾಣೆ. ಒಂದು ಕಿರಿಚಿ ಕಿರಿಚಿ ನನ್ನ ಕೈ ಕುಕ್ಕಿತು, ಇನ್ನೊಂದರ ಮೂಗಿನಲ್ಲಿ ರಕ್ತ ಬಂತು. ನಿನ್ನ ಭಾವನ್ನ ಕರೆಯೋಣ ಅಂದರೆ, "ಮುಚ್ಚೋ ಫಾರಮ್ಮಿಗೆ ಮೂಗು ಪರೀಕ್ಷೆ ಬೇರೆ" ಅಂತ ಮೊಟ್ಟೆ ಗಾಡಿ ಹತ್ತಿಕೊಂಡು ಹೋಗಿಬಿಟ್ಟಿದ್ದರು. ಈ ಸೋಮಾರಿ ಮಾತ್ರ ಕಡ್ಡಿ ಹಾಕಿದರೆ ತಲೆಗೆ ಎಣ್ಣೆ ಹಚ್ಚಿಸ್ಕೊಳ್ಳೋ ಹಾಗೆ ಕಣ್ಣು ಮುಚ್ಚಿ ಕೂತಳು. ಇನ್ನೊಂದು ತೆಗೆದೆ. ಸುಮ್ಮನಿದ್ದಳು. ರೋಗ ಒಂದೇ, ಮೂಗು ಯಾವುದಾದರೇನು ಅಂದುಕೊಂಡೆ. ಎರಡು ದಿನದಲ್ಲಿ ನಲವತ್ತೂ ಮುಗಿಸಿದೆ.

ಬೇಲಿಯಾಚೆಯವಳದು ಅಂತ ಕಳಿಸಿದ ಹತ್ತೂ ಸೋಮಾರಿಯದೇ. ಎಂಟು ತಿಂಗಳು ಮಾತು ಬಿಟ್ಟವಳ ಮನೆಗೆ ಹೋಗಿ, ನಿನ್ನ ಕೋಳಿ ಮೂಗು ಕೊಡು ಅಂತ ಯಾವ ಮುಖ ಇಟ್ಕೊಂಡು ಕೇಳಲಿ?

ನೀನು ನಾಲ್ಕು ವರ್ಷದ ವಿಷಯ ಬರೆದೆಯಲ್ಲ, ಅದನ್ನ ಓದಿದ ಮೇಲೆ ಅನ್ನ ಸೇರ್ತಿಲ್ಲ. ಬೈಯಿ. ಎಷ್ಟು ಬೇಕಾದರೂ ಬೈಯಿ. ಮಾತು ಮಾತ್ರ ಬಿಡಬೇಡ.

ಅಕ್ಕ


ಮಾರ್ಚ್ ೧೧

ಅಕ್ಕಾ,

ನಿನ್ನೆ ನಿನ್ನ ಕಾಗದಕ್ಕೆ ಒಂದು ಉತ್ತರ ಬರೆದಿದ್ದೆ. ಅದನ್ನ ಹರಿದು ಹಾಕಿದೆ. ಹರಿದದ್ದೇ ಒಳ್ಳೆಯದಾಯ್ತು.

ಬೆಳಗ್ಗೆ ಗೈಡ್ ಮುಂದೆ ನಿಂತು ಎಲ್ಲ ಒಪ್ಪಿಸಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತಿತ್ತು. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಅವರ ಭುಜ ಅಲುಗಾಡೋಕೆ ಶುರುವಾಯ್ತು. ಅಳ್ತಿದ್ದಾರೆ ಅಂದುಕೊಂಡೆ. ನಗ್ತಿದ್ದರು ಅಕ್ಕ! ಮೇಜು ಹಿಡಿದುಕೊಂಡು ನಕ್ಕರು. "ನಲವತ್ತು ಸಲ! ಆ ಕೋಳಿಗೆ ಸನ್ಮಾನ ಮಾಡಬೇಕು" ಅಂದರು. ನಕ್ಕು ಮುಗಿಸಿ ಹೇಳಿದರು: ಒಂದೇ ಮೂಗಿನ ನಲವತ್ತು ಸ್ಯಾಂಪಲ್ ಬೇರೆ ಬೇರೆ ದಿನ, ಬೇರೆ ಬೇರೆ ಪ್ಲೇಟಿನಲ್ಲಿ ಬೆಳೆಸಿದರೂ ನಿನ್ನ ಕೈಯಲ್ಲಿ ಒಂದೇ ಪಟ್ಟೆ ಬಂತು. ಅಂದರೆ ನಿನ್ನ ವಿಧಾನ ನಂಬಬಹುದಾದ್ದು. ಅದನ್ನ ಸಾಬೀತು ಮಾಡೋದಕ್ಕೆ ಬೇರೆಯವರು ಬೇಕೆಂದೇ ಹೀಗೆ ಒಂದೇ ಮೂಗಿನಿಂದ ಹಲವು ಸಲ ತೆಗೀತಾರೆ, ನಿಮ್ಮ ಅಕ್ಕ ಪುಕ್ಕಟೆ ಮಾಡಿಕೊಟ್ಟಿದ್ದಾರೆ.

ಮಂಡನೆ ರದ್ದಾಯ್ತು. ಅದಕ್ಕೆ ಸಂಕಟ ಇದೆ, ಸುಳ್ಳು ಹೇಳೋಲ್ಲ. ಆದರೆ ಪೂರ್ತಿ ಮುಳುಗಿಲ್ಲ. ಲಸಿಕೆ ಘಟಕದವರು ಏಪ್ರಿಲ್ ಕೊನೆಯವರೆಗೆ ಕಾಯ್ತಾರಂತೆ, ಅದರ ಮೇಲೆ ಒಂದು ದಿನವೂ ಇಲ್ಲ. ನಲವತ್ತು ಕೋಳಿ, ನಲವತ್ತು ಮೂಗು. ಬೇಲಿಯಾಚೆ ಹೋಗು. ನಿನಗೆ ಆಗೋಲ್ಲ ಅಂದರೆ ಹೇಳು, ನಾನೇ ರಜೆ ಹಾಕಿ ಬಂದು ಅವರ ಮನೆ ಬಾಗಿಲಲ್ಲಿ ನಿಲ್ತೀನಿ, ನಿನ್ನ ಮರ್ಯಾದೆ ಇನ್ನೂ ಚೆನ್ನಾಗಿ ಹೋಗುತ್ತೆ.

ಮಾತು ಬಿಟ್ಟಿಲ್ಲ. ಬಿಡೋಕೆ ನನಗೆ ಇನ್ನೆಷ್ಟು ಜನ ಅಕ್ಕಂದಿರಿದ್ದಾರೆ?

ಪುಟ್ಟಿ


ಮಾರ್ಚ್ ೨೭

ಪುಟ್ಟಿ,

ಹೋದೆ.

ಬೇಲಿ ಸುತ್ತಿಕೊಂಡು ಮುಂಬಾಗಿಲಿಗೇ ಹೋದೆ. ಅವಳು ಅಂಗಳದಲ್ಲಿ ಮೊಟ್ಟೆ ಟ್ರೇ ಒಣಹಾಕ್ತಿದ್ದಳು. ನನ್ನ ನೋಡಿ ಒಂದು ಟ್ರೇಯನ್ನ ಎದೆಗೆ ಅಡ್ಡ ಹಿಡಿದಳು, ನಾನೇನೋ ಹೊಡೆಯೋಕೆ ಬಂದವಳ ಹಾಗೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯ್ತು. "ನಿನ್ನ ಕೋಳಿ ಮೂಗಿನಿಂದ ಹತ್ತು ಕಡ್ಡಿ ಬೇಕಿತ್ತು" ಅಂದುಬಿಟ್ಟೆ.

ಅವಳು ಟ್ರೇ ಕೆಳಗಿಟ್ಟಳು. "ಇದನ್ನ ಕೇಳೋಕೆ ಎಂಟು ತಿಂಗಳು ಬೇಕಾಯ್ತಾ ಅಕ್ಕ?"

"ಹತ್ತು ತಿಂಗಳು" ಅಂದೆ. ಲೆಕ್ಕ ಹಾಕಿಕೊಂಡೇ ಹೋಗಿದ್ದೆ.

ಇಬ್ಬರಿಗೂ ನಗು ಬಂತು, ತಡೆಯೋಕೆ ಆಗಲಿಲ್ಲ. ಆಮೇಲೆ ಅವಳು ತಲೆ ತಗ್ಗಿಸಿ, "ನಾನೂ ನಾಲ್ಕು ಜನರ ಹತ್ರ ನಿಮ್ಮ ಕಡೆಯಿಂದಲೇ ಬಂತು ಅಂತ ಹೇಳ್ಕೊಂಡು ತಿರುಗಿದೀನಿ ಅಕ್ಕ" ಅಂದಳು. ಅವಳಿಗೂ ಅದೇ ನೆಗಡಿ, ಅರ್ಧ ಮೊಟ್ಟೆ. ಒಂದು ಬೇಲಿ ಮಧ್ಯೆ ಇಟ್ಕೊಂಡು ಇಬ್ಬರೂ ಬೇರೆ ಬೇರೆ ಅತ್ತಿದ್ದೀವಿ ನೋಡು, ಎಂಥ ಮಂಕುಗಳು.

ಅವಳ ಕೈ ಎಷ್ಟು ಚುರುಕು ಅಂತೀಯ! ರೆಕ್ಕೆ ಮಡಚಿ ಕಂಕುಳಿಗೆ ಸೇರಿಸಿ, ಒಂದು ಬೆರಳಿನಲ್ಲಿ ಕತ್ತು ಎತ್ತಿದರೆ ಕೋಳಿ ಪಿಟಕ್ ಅನ್ನೋಲ್ಲ. ಅವಳು ಹಿಡಿದಳು, ನಾನು ಕಡ್ಡಿ ಹಾಕಿದೆ. ಅವಳ ಶೆಡ್ಡು ಮುಗಿಸಿ, ಬಟ್ಟೆ ಚಪ್ಪಲಿ ಎಲ್ಲ ಬದಲಾಯಿಸಿ, ಮಾರನೇ ದಿನ ನನ್ನ ಮೂರೂ ಶೆಡ್ಡು. ಪ್ರತಿ ಕೋಳಿಯ ಕಾಲಿಗೂ ಬಣ್ಣದ ದಾರ ಕಟ್ಟಿದ್ದೀವಿ. ಒಂದು ಕೋಳಿ ಎರಡು ಸಲ ಬರೋಲ್ಲ. ನಂಬಿಕೆ ಇಲ್ಲದಿದ್ದರೆ ಬಂದು ಎಣಿಸು.

ನಿನ್ನ ಭಾವ ದೂರದಲ್ಲಿ ನಿಂತು ನೋಡಿದರು. ಆದರೆ ಸಂಜೆ ಟ್ಯೂಬಿನ ಪೆಟ್ಟಿಗೆಗೆ ಐಸ್ ಪ್ಯಾಕ್ ತಂದಿಟ್ಟಿದ್ದು ಅವರೇ.

ಅಕ್ಕ


ಏಪ್ರಿಲ್ ೨೦

ಅಕ್ಕಾ,

ಈ ಸಲ ಕುಣಿಯೋ ಮುಂಚೆ ಎರಡು ಸಲ ಪರೀಕ್ಷೆ ಮಾಡಿದೆ. ಈಗ ಕುಣೀತಿದ್ದೀನಿ.

ನಲವತ್ತರಲ್ಲಿ ಮೂವತ್ತಾರು ಬೆಳೆದವು. ನಾಲ್ಕು ಮನೆತನ! ನಿನ್ನ ಒಂದೊಂದು ಶೆಡ್ಡಿನಲ್ಲೂ ಒಂದೊಂದು, ಬೇಲಿಯಾಚೆ ಮತ್ತೊಂದು. ಅವರದಕ್ಕೂ ನಿನ್ನದಕ್ಕೂ ನಂಟೇ ಇಲ್ಲ. ಅವರಿಂದ ನಿನಗೆ ಬಂದದ್ದಲ್ಲ, ನಿನ್ನಿಂದ ಅವರಿಗೆ ಹೋದದ್ದೂ ಅಲ್ಲ. ಸೀಲ್ ಹಾಕಿದ ಕಾಗದ ಕೇಳಿದ್ದೆಯಲ್ಲ, ಎರಡು ಪ್ರತಿ ಇಟ್ಟಿದ್ದೀನಿ, ಒಂದು ಅವರಿಗೆ ಕೊಡು. ಈ ನಾಲ್ಕರಲ್ಲಿ ನಿನ್ನ ಮೂರಕ್ಕೂ ಅಂಗಡಿಯ ಲಸಿಕೆ ತಾಗೋದೇ ಇಲ್ಲ.

ಈಗ ಒಂದು ಪ್ರಶ್ನೆ. ಒಂದು ಫಾರಮ್ಮಿನಲ್ಲಿ ಮೂರು ಮನೆತನ ಹೇಗೆ? ಬೆಳೆದ ಕೋಳಿಗಳನ್ನ ನೀನು ಎಲ್ಲಿಂದ ತರ್ತೀಯ ಅಂತ ಭಾವನಿಂದ ತರಿಸಿಕೊಂಡು ನಿನ್ನ ಹಳೇ ರಸೀದಿ ನೋಡಿದೆ. ಮೂರು ಶೆಡ್ಡಿಗೆ ಮೂರು ಬೇರೆ ಬೇರೆ ವ್ಯಾಪಾರಿಗಳು! ಯಾಕೆ ಅಂತ ಭಾವನಿಗೆ ಫೋನ್ ಮಾಡಿದೆ. "ಒಬ್ಬರ ಹತ್ರವೇ ತಗೊಂಡರೆ ಮಿಕ್ಕ ಇಬ್ಬರಿಗೆ ಬೇಜಾರಾಗುತ್ತೆ ಅಂತಾಳೆ ನಿಮ್ಮ ಅಕ್ಕ" ಅಂದರು. ಅಯ್ಯೋ ಪುಣ್ಯಾತ್ಗಿತ್ತಿ! ಯಾರ ಮನಸ್ಸೂ ನೋಯಬಾರದು ಅಂತ ಮೂರು ಕಡೆಯ ರೋಗವನ್ನೂ ಮರ್ಯಾದೆಯಾಗಿ ಮನೆಗೆ ಕರೆದುಕೊಂಡಿದ್ದೀಯ. ನೋಡೋಕೆ ಗುಣವಾದ ಕೋಳಿಯೂ ಇದನ್ನ ಮೂಗಿನಲ್ಲಿ ಇಟ್ಟುಕೊಂಡೇ ಇರುತ್ತೆ.

ಇನ್ನು ಮುಂದೆ ಒಂದು ದಿನದ ಮರಿಗಳನ್ನೇ, ಒಂದೇ ಕಡೆಯಿಂದ ತರಬೇಕು. ಮರಿ ಬರೋ ಮುಂಚೆ ಹಳೆಯವೆಲ್ಲ ಹೋಗಿ ಮೂರೂ ಶೆಡ್ಡು ತೊಳೆದು ಖಾಲಿ ಇರಬೇಕು. ಎಲ್ಲ ಅಂದರೆ ಸೋಮಾರಿಯೂ ಅಕ್ಕ. ಅದನ್ನ ಬರೆಯೋಕೆ ನನಗೆ ಕಷ್ಟವಾಗ್ತಿದೆ, ಆದರೂ ಬರೀತಿದ್ದೀನಿ.

ನಾಲ್ಕೂ ಮನೆತನ ಸೇರಿಸಿ ಲಸಿಕೆ ತಯಾರಾಗುತ್ತೆ. ಇವತ್ತೇ ಕೊಟ್ಟುಬಂದೆ.

ಪುಟ್ಟಿ


ಜುಲೈ ೧೦

ಪುಟ್ಟಿ,

ನಿನ್ನೆ ಮೊದಲ ಸೂಜಿ ಆಯ್ತು. ಮರಿಗಳಿಗೆ ಎಂಟು ವಾರ. ಬೇಲಿಯಾಚೆಯವಳು ಹಿಡಿದಳು, ನಾನು ಹಾಕಿದೆ, ಸಾವಿರದಿನ್ನೂರು. ನಾಳೆ ಅವಳದಕ್ಕೆ ನಾನು ಹಿಡಿಯೋಕೆ ಹೋಗ್ತೀನಿ. ಈಗ ಕೋಳಿ ಹಿಡಿಯೋದು ನನಗೂ ಬರುತ್ತೆ.

ಸೋಮಾರಿ ಹೋದಳು. ಅವಳ ಕಾಲಿನ ಬಣ್ಣದ ದಾರ ಬಿಚ್ಚಿ ಇಟ್ಟುಕೊಂಡಿದ್ದೀನಿ.

ಇಬ್ಬರು ವ್ಯಾಪಾರಿಗಳು ಮುಖ ಊದಿಸ್ಕೊಂಡಿದ್ದಾರೆ. ಊದಿಸ್ಕೊಳ್ಳಲಿ. ಕೋಳಿ ಮುಖ ಊದದಿದ್ದರೆ ಸಾಕು.

ನಿನ್ನ ಭಾವ ಒಂದೇ ಶೆಡ್ಡಿಗೆ ಮರಿ ತರಿಸಿ ಮಿಕ್ಕ ಎರಡನ್ನ ಖಾಲಿ ಬಿಟ್ಟಿದ್ದಾರೆ, ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. "ಮೊಟ್ಟೆ ಜೋರಾಗೋ ವಾರ ಬರಲಿ, ಆಗ ನೋಡೋಣ" ಅಂತಾರೆ. ಪ್ರತಿ ಸಲ ರೋಗ ಕಾಲಿಟ್ಟಿದ್ದು ಅದೇ ವಾರದಲ್ಲಿ.

ಅಕ್ಕ


ನವೆಂಬರ್ ೫

ಅಕ್ಕಾ,

ನಿನ್ನ ಕೋಳಿಗಳಿಗೆ ಇಪ್ಪತ್ತೈದನೇ ವಾರ, ಮೊಟ್ಟೆ ಜೋರಾಗೋ ಹೊತ್ತು. ನಾನು ಗೋಡೆಯ ಕ್ಯಾಲೆಂಡರಿನ ಮುಂದೆ ದಿನಕ್ಕೆ ಹತ್ತು ಸಲ ನಿಲ್ತೀನಿ. ಗೈಡ್ ಕೇಳಿದರು, "ಪ್ರಬಂಧ ಕೊಡೋ ದಿನ ನೋಡ್ತಿದ್ದೀಯಾ?" ಇಲ್ಲ ಸರ್, ನಮ್ಮ ಅಕ್ಕನ ಕೋಳಿ ಸೀನೋ ದಿನ ಅಂದೆ.

ಏನಾದರೂ ಆದರೆ ಮುಚ್ಚಿಡಬೇಡ. ಒಳ್ಳೆಯದಾಗಿದ್ದರೂ ಮುಚ್ಚಿಡಬೇಡ.

ಪುಟ್ಟಿ


ನವೆಂಬರ್ ೧೯

ಪುಟ್ಟಿ,

ನಡೆದಿದ್ದನ್ನ ನಡೆದ ಹಾಗೇ ಬರೀತೀನಿ, ಮಧ್ಯೆ ಹಾರಿಸಿ ಕೊನೆ ಓದಬೇಡ.

ಇಪ್ಪತ್ತೇಳನೇ ವಾರ ನಡೀತಿದೆ. ಎರಡು ವಾರದಿಂದ ನಾನು ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತು ಮೊದಲು ಕಿವಿ ಕೊಡ್ತೀನಿ, ಆಮೇಲೆ ಒಳಗೆ ಹೋಗ್ತೀನಿ. ಇವತ್ತು ಬೆಳಗ್ಗೆ ನಿಂತಿದ್ದೆ. ಸೀನು ಕೇಳಿಸ್ತು.

ಒಂದು ಸಲ. ಮತ್ತೆ ಒಂದು ಸಲ. ಒಳಗಿನಿಂದ, ಕೊನೆಯ ಸಾಲಿನ ಕಡೆಯಿಂದ. ಕೂಗಿದೆ, ಬೇಲಿಯಾಚೆಯವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬಾಗಿಲಲ್ಲೇ ಕೈ ತೊಳೆದು, ಚಪ್ಪಲಿ ಬದಲಾಯಿಸಿ ಒಳಗೆ ಬಂದಳು. ಇಬ್ಬರೂ ಸಾಲು ಹಂಚಿಕೊಂಡೆವು. ಒಂದೊಂದರ ಮುಖವನ್ನೂ ಬೆಳಕಿಗೆ ತಿರುಗಿಸಿ ನೋಡಿದೆವು, ಕಣ್ಣಿನ ಕೆಳಗೆ, ಮೂಗಿನ ಮೇಲೆ. ಅವಳು "ಒಣಗಿದೆ" ಅಂತಾಳೆ, ನಾನು "ಒಣಗಿದೆ" ಅಂತೀನಿ. ಬೇರೆ ಮಾತೇ ಇಲ್ಲ. ಅರ್ಧ ಮುಗಿಯೋ ಹೊತ್ತಿಗೆ ನನ್ನ ಕಣ್ಣಲ್ಲಿ ನೀರು, ಭಯಕ್ಕೋ ಏನಕ್ಕೋ. ಹನ್ನೊಂದು ನೂರು ಚಿಲ್ಲರೆ ಮುಖ ಪುಟ್ಟಿ. ಒಂದೂ ಊದಿಲ್ಲ. ಒಂದೂ ಸೋರ್ತಿಲ್ಲ.

ಆಗ ಮತ್ತೆ ಸೀನು! ಫೀಡ್ ಚೀಲದ ಹಿಂದಿನಿಂದ!

ನಿನ್ನ ಭಾವ. ಚೀಲದ ಹಿಂದೆ ಪುಡಿಯಲ್ಲಿ ಮುಳುಗಿ ಕೂತಿದ್ದರು, ಮೂಗು ಕೆಂಪಗೆ. ಒಂದು ವಾರದಿಂದ ಪ್ರತಿದಿನ ನನಗಿಂತ ಮುಂಚೆ ಬಂದು, ಅಲ್ಲಿ ಕೂತು, ಕೋಳಿ ಸೀನುತ್ತಾ ಅಂತ ಕಿವಿ ಕೊಡ್ತಿದ್ದರಂತೆ. ನನಗೆ ಗೊತ್ತಾಗಬಾರದು ಅಂತ ಇಷ್ಟು ಹೊತ್ತೂ ಮೂಗು ಹಿಡಿದು ಬಚ್ಚಿಟ್ಟುಕೊಂಡು! ನಾನು ನೆಲದ ಮೇಲೆ ಕೂತುಬಿಟ್ಟೆ. ಬೇಲಿಯಾಚೆಯವಳು ಅವರ ಮುಖ ಬೆಳಕಿಗೆ ತಿರುಗಿಸಿ, "ಇವರದೊಂದೇ ಸೋರ್ತಿದೆ ಅಕ್ಕ, ಕಡ್ಡಿ ತರ್ಲಾ?" ಅಂದಳು. ನಗ್ತಾ ನಗ್ತಾ ಅಳ್ತಾ ಏನೇನೋ ಆಯ್ತು.

ಅವರು ಮೈಕೈ ಕೊಡವಿಕೊಂಡು ಎದ್ದರು. ಸಾಲಿನ ಕೊನೆಯವರೆಗೂ ನಡೆದುಕೊಂಡು ಹೋಗಿ, ನಿಂತು, ಮತ್ತೊಂದು ಸಲ ಸೀನಿ, ತಿರುಗಿ ನೋಡದೆ ಹೇಳಿದರು:

"ಆ ಖಾಲಿ ಇರೋ ಎರಡು ಶೆಡ್ಡಿಗೂ ಮರಿ ಹೇಳಿಬಿಡೇ."

ಅಕ್ಕ